ಅಮ್ಮನಿಗೆ ಅಲ್ಜೈಮರ್ ಇತ್ತು, ನನ್ನ ಜೀನ್ ರಿಪೋರ್ಟಿನಲ್ಲಿ ಇ4 ಬಂದಿದೆ. ನನಗೂ ಬಂದೇ ಬರುತ್ತದಾ?

ನೀವು ಬರೆದಿರುವುದು ಇಷ್ಟು: ಅಮ್ಮನಿಗೆ 72ರಲ್ಲಿ ಅಲ್ಜೈಮರ್ ಶುರುವಾಯಿತು. ನಿಮಗೀಗ 41. ಕಿಟ್ ತರಿಸಿ, ಎಂಜಲು ತುಂಬಿ ಕಳಿಸಿದಿರಿ. ಎಪಿಒಇ ಅನ್ನುವ ಜೀನಿಗೆ ಹಲವು ರೂಪಗಳಿವೆ; ಅಪ್ಪ ಅಮ್ಮನಿಂದ ಒಂದೊಂದರಂತೆ ಬಂದ ನಿಮ್ಮ ಎರಡು ಪ್ರತಿಗಳಲ್ಲಿ ಒಂದು ಇ3, ಒಂದು ಇ4 ಅಂತ ಬಂತು. ಇನ್ನು ಕಾಯಿಲೆ ಖಾತ್ರಿಯಾ, ಒಂಬತ್ತು ವರ್ಷದ ಮಗಳಿಗೂ ಟೆಸ್ಟ್ ಮಾಡಿಸಬೇಕಾ?

ಖಾತ್ರಿ ಅಲ್ಲ. ಮಗಳಿಗೆ ಬೇಡ.

ನಾನು ಡಾಕ್ಟರಲ್ಲ, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ನಮ್ಮಪ್ಪನಿಗೂ ಇದೇ ಕಾಯಿಲೆ ಇತ್ತು. ಮೊದಮೊದಲು ಮನೆಯಲ್ಲಿ ಎಲ್ಲರೂ ‘ಅರವತ್ತಕ್ಕೆ ಅರಳು ಮರಳು’ ಅಂತ ನಕ್ಕು ಸುಮ್ಮನಾದೆವು. ಆಮೇಲೆ ಒಂದು ಸಂಜೆ ಅಪ್ಪ ನನ್ನನ್ನೇ ‘ತಾವು ಯಾರ ಪೈಕಿ?’ ಅಂತ ಮರ್ಯಾದೆಯಿಂದ ಕೇಳಿದರು. ಅವತ್ತು ರಾತ್ರಿ ನಾನೂ ನಿಮ್ಮ ಹಾಗೇ ನಿದ್ದೆಗೆಟ್ಟು ಓದಿದ್ದೆ.

ಈ ಕಾಯಿಲೆಯಲ್ಲಿ ಹೆಸರು ಕೇಳುವ ಜೀನ್‌ಗಳೆಲ್ಲ ಒಂದೇ ಥರದವಲ್ಲ. ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಅಂತ ಮೂರಿವೆ. ಇವುಗಳಲ್ಲಿ ಕೆಲವು ಬದಲಾವಣೆಗಳಾದರೆ ಕಾಯಿಲೆ ಬಹುಮಟ್ಟಿಗೆ ಖಚಿತ, ಅದೂ ಸಾಮಾನ್ಯವಾಗಿ 65ರ ಒಳಗೇ. ಆದರೆ ಒಟ್ಟು ರೋಗಿಗಳಲ್ಲಿ ಇಂಥವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. 72ರಲ್ಲಿ ಶುರುವಾಗಿದ್ದು ಈ ಲೆಕ್ಕಕ್ಕೆ ಬರುವ ಸಾಧ್ಯತೆ ಬಹಳ ಕಮ್ಮಿ.

ಎಪಿಒಇ ಬೇರೆ ಥರ. 19ನೇ ಕ್ರೋಮೋಸೋಮಿನಲ್ಲಿದೆ. ಕೊಲೆಸ್ಟ್ರಾಲ್ ಸಾಗಿಸುವ ಪ್ರೋಟೀನು ಅದರಿಂದ ತಯಾರಾಗುತ್ತದೆ. 299 ಮಣಿಗಳ ಸರ ಅಂದುಕೊಳ್ಳಿ. ಇ3ಗೂ ಇ4ಗೂ ಇರುವ ವ್ಯತ್ಯಾಸ ಒಂದೇ ಮಣಿ, 112ನೆಯದು! ಇದಕ್ಕೂ ಅಲ್ಜೈಮರ್‌ಗೂ ನಂಟಿದೆ ಅಂತ 1993ರಲ್ಲಿ ತೋರಿಸಿದ್ದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅಲೆನ್ ರೋಸಸ್ ತಂಡ. ಎರಡು ಇ3 ಇರುವವರಿಗೆ ಹೋಲಿಸಿದರೆ ಒಂದು ಇ4 ಇದ್ದವರಿಗೆ ಅಪಾಯ ಸುಮಾರು ಎರಡು ಮೂರು ಪಟ್ಟು. ಎರಡು ಇ4 ಇದ್ದರೆ ಜಾಸ್ತಿ, ಎಂಟರಿಂದ ಹನ್ನೆರಡು ಪಟ್ಟು ಅನ್ನುತ್ತಾರೆ. ‘ಪಟ್ಟು’ ಅನ್ನುವ ಮಾತೇ ಹೆದರಿಸುತ್ತದೆ, ಅಲ್ವಾ? ಒಂದು ಇ4 ಇಟ್ಟುಕೊಂಡು 85 ದಾಟಿಯೂ ಮೊಮ್ಮಕ್ಕಳ ಹೆಸರು ತಪ್ಪದೆ ಹೇಳುವವರು ಬೇಕಾದಷ್ಟಿದ್ದಾರೆ. ಇ4 ಇಲ್ಲದೆಯೂ ಕಾಯಿಲೆ ಬಂದವರು ಅಷ್ಟೇ ಇದ್ದಾರೆ.

ಇನ್ನೊಂದು ವಿಷಯ, ಈ ಲೆಕ್ಕಗಳೆಲ್ಲ ಹೆಚ್ಚಾಗಿ ಯುರೋಪ್ ಮೂಲದವರನ್ನು ನೋಡಿ ಮಾಡಿದ್ದು. ನೈಜೀರಿಯಾದ ಇಬಾಡಾನಿನ ಯೊರುಬಾ ಜನರಲ್ಲಿ ಇ4ರ ಪ್ರಭಾವ ಎಷ್ಟೋ ಕಮ್ಮಿ ಕಂಡಿತ್ತು. ನಮ್ಮ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದವರು ವರ್ಷಗಟ್ಟಲೆ ಜನರ ನೆನಪಿನ ಜಾಡು ಹಿಡಿದು ನೋಡುತ್ತಿದ್ದಾರೆ. ನಮ್ಮವರ ಲೆಕ್ಕ ಅಂಥ ಕಡೆಯಿಂದಲೇ ಬರಬೇಕು.

ನನ್ನ ಹೆದರಿಕೆ ಇಳಿಸಿದ್ದು ಮಾತ್ರ ಕೊಲಂಬಿಯಾದ ಕಥೆ. ಅಲ್ಲಿನ ಆಂಟಿಯೋಕಿಯಾ ಗುಡ್ಡಗಾಡಿನ ಒಂದು ದೊಡ್ಡ ವಂಶದಲ್ಲಿ ಪಿಎಸ್‌ಇಎನ್1ರ ದೋಷ ತಲೆತಲಾಂತರದಿಂದ ಹರಿದುಬಂದಿದೆ. ಅದಿದ್ದವರಿಗೆ 45ರ ಆಸುಪಾಸಿನಲ್ಲೇ ಮರೆವು ಶುರು. ಡಾಕ್ಟರ್ ಫ್ರಾನ್ಸಿಸ್ಕೊ ಲೊಪೆರಾ ದಶಕಗಟ್ಟಲೆ ಆ ಮನೆಗಳಿಗೆ ಓಡಾಡಿದರು. ಅದೇ ದೋಷವಿದ್ದ ಒಬ್ಬ ಹೆಂಗಸಿಗೆ ಮಾತ್ರ ಎಪ್ಪತ್ತು ದಾಟುವವರೆಗೆ ಏನೂ ಆಗಲಿಲ್ಲ! ಈ ಕಾಯಿಲೆಯಲ್ಲಿ ಮೆದುಳಿನಲ್ಲಿ ಅಮಿಲಾಯ್ಡ್, ಟೌ ಅನ್ನುವ ಎರಡು ಪ್ರೋಟೀನು ಶೇಖರವಾಗುತ್ತವೆ. ಆಕೆಗೆ ಸ್ಕ್ಯಾನ್ ಮಾಡಿದರೆ ಮೆದುಳಿನ ತುಂಬ ಅಮಿಲಾಯ್ಡ್, ಟೌ ಮಾತ್ರ ಕಮ್ಮಿ. 2019ರಲ್ಲಿ ಗುಟ್ಟು ಹೊರಬಂತು. ಆಕೆಯ ಎರಡೂ ಎಪಿಒಇ ಪ್ರತಿಗಳಲ್ಲಿ ಕ್ರೈಸ್ಟ್‌ಚರ್ಚ್ ಅನ್ನುವ ಅಪರೂಪದ ಬದಲಾವಣೆ ಇತ್ತು. ನಿಮ್ಮ ನಿದ್ದೆ ಕೆಡಿಸಿರುವ ಅದೇ ಜೀನು! 2024ರಲ್ಲಿ ಅದೇ ವಂಶದ ಇನ್ನೂ 27 ಜನರ ಲೆಕ್ಕ ಬಂತು. ಇವರಲ್ಲಿ ಕ್ರೈಸ್ಟ್‌ಚರ್ಚ್ ಬದಲಾವಣೆ ಒಂದೇ ಪ್ರತಿಯಲ್ಲಿತ್ತು, ಮರೆವು ಸುಮಾರು ಐದು ವರ್ಷ ತಡವಾಗಿತ್ತು. ಒಂದು ಜೀನು ಎಳೆಯುವುದನ್ನು ಇನ್ನೊಂದು ತಡೆಯಬಲ್ಲದು. ನಿಮ್ಮ ರಿಪೋರ್ಟ್ ಒಂದೇ ಸಾಲು ಓದಿ ಹೇಳಿದೆ.

ನಾನು ಟೆಸ್ಟ್ ಮಾಡಿಸಿಲ್ಲ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ಕೂಡ 2007ರಲ್ಲಿ ತಮ್ಮ ಜೀನೋಮ್ ಪೂರ್ತಿ ಓದಿಸಿ ಎಲ್ಲರೆದುರು ಇಟ್ಟರೂ ಎಪಿಒಇ ಭಾಗ ಮಾತ್ರ ತಮಗೂ ಹೇಳಬೇಡಿ ಅಂದಿದ್ದರು. ಅಂಥವರೇ ಹಿಂಜರಿದರಲ್ಲ ಅಂತ ನನಗೂ ಸಮಾಧಾನ. ಬಿಪಿ, ಶುಗರ್ ನೋಡಿಸಿಕೊಳ್ಳುತ್ತೇನೆ, ದಿನಾ ನಡೆಯುತ್ತೇನೆ. ಕಿವಿ ಮಂದವಾದರೆ ಮಿಷನ್ ಹಾಕಿಸಿಕೊಳ್ಳುವುದೂ ಮುಖ್ಯವಂತೆ. ಇ4 ಇದ್ದರೂ ಇಲ್ಲದಿದ್ದರೂ ಇದನ್ನೇ ಮಾಡಬೇಕಿತ್ತು.

ಮಗಳ ವಿಷಯ. ನಿಮ್ಮ ಇ4 ಅವಳಿಗೆ ಹೋಗಿರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ದೊಡ್ಡವರಾದ ಮೇಲೆ ಬರುವ, ಈಗಲೇ ತಡೆಯಲಾಗದ ಕಾಯಿಲೆಗೆ ಮಕ್ಕಳನ್ನು ಟೆಸ್ಟ್ ಮಾಡಬೇಡಿ ಅಂತ ಜೆನೆಟಿಕ್ಸ್ ವೈದ್ಯರೇ ಹೇಳುತ್ತಾರೆ. ಬೆಳೆದ ಮೇಲೆ ಬೇಕೋ ಬೇಡವೋ ಅವಳೇ ಹೇಳಲಿ. ಅಲ್ಲಿಯವರೆಗೆ ಆ ರಿಪೋರ್ಟ್ ಅವಳ ಮಾರ್ಕ್ಸ್ ಕಾರ್ಡ್ ಇಡುವ ಫೈಲಿನಲ್ಲಿ ಇಡಬೇಡಿ, ಅಷ್ಟೇ.