ಅಮೆರಿಕದ ನರ್ಸಿಂಗ್ ಹೋಮ್‌ನಲ್ಲಿ ಅಮ್ಮನ ನೆನಪಿನ ಶಕ್ತಿಗೆ 15ಕ್ಕೆ 6 ಅಂಕ ಕೊಟ್ಟಿದ್ದಾರೆ. ಮನೆಯಲ್ಲಿ ಚೆನ್ನಾಗಿಯೇ ಇದ್ದರು. ಇದನ್ನು ನಂಬಬಹುದಾ?

ನಂಬುವ ಮೊದಲು ಒಂದು ವಿಚಾರಿಸಿ: ಪ್ರಶ್ನೆಗಳನ್ನು ಅಮ್ಮನಿಗೆ ಕನ್ನಡದಲ್ಲಿ ಕೇಳಿದರಾ?

ನಾನು ಅಮೆರಿಕದಲ್ಲಿ ಈ ಅಂಕ ಬರೆಯುವ ಫಾರಂ ತುಂಬುವ ನರ್ಸ್. (ನಮ್ಮೂರಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಮಾಡುವ ಚಿಕ್ಕ ಆಸ್ಪತ್ರೆ. ಇಲ್ಲಿ ವಯಸ್ಸಾದವರು ವರ್ಷಗಟ್ಟಲೆ ಇರುವ ಜಾಗ.) ಫಾರಂ ಹೆಸರು ಎಂಡಿಎಸ್, ಅಲ್ಲಿರುವ ಪ್ರತಿಯೊಬ್ಬರ ಆರೋಗ್ಯ, ನೆನಪು, ಅಗತ್ಯಗಳನ್ನು ಬರೆಯುವ ಫಾರಂ. 1987ರ ಕಾನೂನಿನಿಂದ ಬಂದದ್ದು. ಸೇರಿದ 14 ದಿನದೊಳಗೆ ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ತುಂಬಲೇಬೇಕು.

ನೆನಪಿನ ಪರೀಕ್ಷೆ ಅದರದೇ ಒಂದು ಭಾಗ. ಸಾಕ್, ಬ್ಲೂ, ಬೆಡ್ ಎಂದು ಮೂರು ಪದ ಹೇಳುತ್ತೇವೆ. ತಿರುಗಿ ಹೇಳಿದರೆ 3 ಅಂಕ. ಇಸವಿ, ತಿಂಗಳು, ವಾರ ಸರಿ ಹೇಳಿದರೆ 6. ಕೊನೆಗೆ ಆ ಪದಗಳನ್ನು ನೆನಪಿಸಿಕೊಂಡರೆ ಇನ್ನೂ 6. ಒಟ್ಟು 7 ಅಥವಾ ಅದಕ್ಕಿಂತ ಕಡಿಮೆ ಬಂದರೆ ನೆನಪು ತೀರಾ ಹದಗೆಟ್ಟಿದೆ ಎಂದು ಲೆಕ್ಕ.

ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಕನ್ನಡದ ಅಜ್ಜಿಯೊಬ್ಬರಿಗೆ 4 ಬಂದಿತ್ತು. ನಾನು ಪಕ್ಕ ಕೂತು ಕನ್ನಡದಲ್ಲಿ ಕೇಳಿದೆ. ತಿಂಗಳು ಯಾವುದು ಅಂದರೆ "ಕಾರ್ತಿಕ" ಅಂದರು. ಕ್ಯಾಲೆಂಡರ್ ತಿಂಗಳು? "ನವೆಂಬರ್, ಮತ್ತಿನ್ನೇನು!" ವಾರ ಮಾತ್ರ ತಪ್ಪಿತು. ಕೊನೆಗೆ, "ಕಾಲುಚೀಲ, ನೀಲಿ, ಮಂಚ. ಅವತ್ತು ಆ ಹುಡುಗಿ ಗೊಣಗಿದ್ದು ಒಂದೂ ಕೇಳಿಸಲಿಲ್ಲ ಕಣಮ್ಮ" ಅಂದರು. ಅವತ್ತು ಹಿಯರಿಂಗ್ ಏಡ್ ಡ್ರಾಯರ್‌ನಲ್ಲಿ ಬಿದ್ದಿತ್ತು. ಈ ಸಲ ಬಂದದ್ದು 14.

ದುಡ್ಡಿಗೋಸ್ಕರ ಹೀಗೆ ಬರೀತಾರಾ ಅಂತ ಅನುಮಾನ ಬರುವುದು ಸಹಜ. ಮೆಡಿಕೇರ್ (ವಯಸ್ಸಾದವರಿಗೆ ಇಲ್ಲಿನ ಸರ್ಕಾರದ ಆರೋಗ್ಯ ವಿಮೆ) ಎಷ್ಟು ಹಣ ಕೊಡಬೇಕು ಅನ್ನುವುದೂ ಈ ಫಾರಂ ನೋಡಿಯೇ ತೀರ್ಮಾನ ಆಗುತ್ತದೆ. ಗೊತ್ತಿದ್ದೂ ಸುಳ್ಳಿಗೆ ಸಹಿ ಹಾಕಿದರೆ ದಂಡ ಇದೆ. ಆದರೆ ನಾನು ಜಾಸ್ತಿ ನೋಡಿರುವುದು ಮೋಸ ಅಲ್ಲ, ಅವಸರ. ಹಳೆಯ ಫಾರಂನಲ್ಲಿದ್ದದ್ದನ್ನೇ ಸುಮ್ನೆ ಇಳಿಸಿಬಿಡುತ್ತಾರೆ.

ಅಮ್ಮನ ಒಪ್ಪಿಗೆಯಿಂದ ದಾಖಲೆ ಕೇಳಿ. 24 ಗಂಟೆಯೊಳಗೆ ನೋಡಲು ಕೊಡಬೇಕು (ಶನಿವಾರ, ಭಾನುವಾರ, ರಜೆ ಲೆಕ್ಕಕ್ಕಿಲ್ಲ). ಭಾಷೆ ಯಾವುದು, ದುಭಾಷಿ ಬೇಕಾ ಅನ್ನುವ ಸಾಲು ಮೊದಲ ಭಾಗದಲ್ಲೇ ಇದೆ. ಅಲ್ಲಿ "ಇಂಗ್ಲಿಷ್, ಬೇಡ" ಎಂದಿದ್ದರೆ ತಪ್ಪು ಅಲ್ಲೇ ಶುರುವಾಗಿದೆ. ಕಳಿಸಿದ ಮೇಲೂ ಫಾರಂ ತಿದ್ದಲು ದಾರಿ ಇದೆ, ಎಂಡಿಎಸ್ ನೋಡಿಕೊಳ್ಳುವ ನರ್ಸ್ ಹತ್ತಿರ ಮಾತಾಡಿ. ಬಿಡಬೇಡಿ, ಯಾಕೆಂದರೆ 6 ಅಂತ ಒಮ್ಮೆ ಕೂತುಬಿಟ್ಟರೆ ಅಮ್ಮನಿಗೆ ಏನು ಬೇಕು ಅಂತ ಅಮ್ಮನನ್ನೇ ಕೇಳುವವರು ಕಡಿಮೆಯಾಗುತ್ತಾರೆ.

ಮತ್ತೆ ಪರೀಕ್ಷೆ ಮಾಡುವ ದಿನ ಹಿಯರಿಂಗ್ ಏಡ್ ಬ್ಯಾಟರಿ ನೋಡಿಕೊಳ್ಳಿ.