ಸಣ್ಣಗಿದ್ದೀನಿ, ಮಗುನೂ ಬೇಡ, ಆದ್ರೂ ಪಿಸಿಓಎಸ್‌ಗೆ ಔಷಧಿ ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಐದು ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ತಪ್ಪುವ ತೊಂದರೆ) ಬಗ್ಗೆಯೇ ಇವೆ, ಎಲ್ಲವೂ ಬೆಂಗಳೂರಿನಿಂದ ಬಂದವು. ಬರೆದವರು ಅಥವಾ ಯಾರ ಬಗ್ಗೆ ಬರೆದಿದ್ದಾರೋ ಅವರು ದಪ್ಪ ಇಲ್ಲ, ಸದ್ಯಕ್ಕೆ ಮಗು ಬೇಕು ಅಂತಲೂ ಇಲ್ಲ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನನಗೆ 26 ವರ್ಷ, ಹೆಬ್ಬಾಳದ ಹತ್ತಿರ ಐಟಿ ಕೆಲಸ. ಎತ್ತರ 160 ಸೆಂಟಿಮೀಟರ್. ಹೋದ ವರ್ಷ ತೂಕ 50 ಕೆಜಿ ಇತ್ತು. ಕಾಲೇಜಿನಿಂದಲೂ ನನಗೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಗಲ್ಲದ ಮೇಲೆ ದಪ್ಪ ಕೂದಲು ಬೇರೆ. ಸ್ಕ್ಯಾನ್ ನೋಡಿ ಪಿಸಿಓಎಸ್ ಅಂದರು. ಒಬ್ಬ ಡಾಕ್ಟರ್ ತೂಕ ಇಳಿಸಿ ಅಂದರು, ಇನ್ನೊಬ್ಬರು ಮದುವೆ ಆದ ಮೇಲೆ ಬನ್ನಿ, ಈಗೇನೂ ಬೇಡ ಅಂದರು. ನಾನು ರಾತ್ರಿ ಊಟ ಬಿಟ್ಟೆ, ದಿನಾ ಒಂದೂವರೆ ಗಂಟೆ ಓಡೋಕೆ ಶುರು ಮಾಡಿದೆ. ಈಗ 46 ಕೆಜಿ. ಐದು ತಿಂಗಳಿಂದ ಮುಟ್ಟೇ ಆಗಿಲ್ಲ. ಮಗು ಬೇಡ ಅಂದಮೇಲೆ ಮುಟ್ಟು ಬರದಿದ್ರೆ ಏನು ತೊಂದರೆ?
– ಹೆಸರು ಬೇಡ, ರಾಜಾಜಿನಗರ

ಉತ್ತರ: ಪತ್ರದ ಜೊತೆ ಗೋಡೆ ಕ್ಯಾಲೆಂಡರಿನ ಹಾಳೆಗಳ ಫೋಟೋ ಕಳಿಸಿದ್ದೀರಿ. ಮುಟ್ಟಾದ ದಿನಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದೀರಿ, ಪಕ್ಕದಲ್ಲಿ ಯಾರೋ ಹಾಲಿನ ಲೆಕ್ಕ ಬರೆದಿದ್ದಾರೆ. ಕೊನೆಯ ಐದು ಹಾಳೆಯಲ್ಲಿ ಹಾಲಿನ ಲೆಕ್ಕ ಮಾತ್ರ ಇದೆ. ಆ ಐದು ಹಾಳೆ ನೋಡಿ ನನಗೆ ನಿಜಕ್ಕೂ ಬೇಜಾರಾಯಿತು, ಯಾಕಂದ್ರೆ ನಿಮಗೆ ಸಿಕ್ಕ ಸಲಹೆ ಎರಡೂ ತಪ್ಪು.

ಮೊದಲು ತೂಕದ ವಿಷಯ. 160 ಸೆಂಟಿಮೀಟರ್‌ಗೆ 50 ಕೆಜಿ ಅಂದ್ರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ) 19.5, ಅದು ಸರಿಯಾದ ತೂಕವೇ. ಈಗ 46ಕ್ಕೆ ಬಂದು 18 ಆಗಿದೆ, 18.5ಕ್ಕಿಂತ ಕಡಿಮೆ ಅಂದ್ರೆ ಕಡಿಮೆ ತೂಕ. ತೂಕ ಇಳಿಸಿ ಅನ್ನೋದು ತೂಕ ಜಾಸ್ತಿ ಇರುವವರಿಗೆ ಹೇಳುವ ಮಾತು, ಅವರಿಗೆ ಅದರಿಂದ ಉಪಯೋಗ ಇದೆ. ನಿಮಗೆ ಇಳಿಸೋಕೆ ಏನೂ ಇರಲಿಲ್ಲ. ದಯವಿಟ್ಟು ಇವತ್ತು ರಾತ್ರಿಯಿಂದಲೇ ಊಟ ಶುರು ಮಾಡಿ.

ಇನ್ನೊಂದು ಅನುಮಾನ ನನ್ನ ತಲೆಯಲ್ಲಿದೆ. ಹೊಟ್ಟೆಗೆ ಸಾಲದೆ, ಮೇಲಿಂದ ವ್ಯಾಯಾಮ ಜಾಸ್ತಿಯಾದಾಗ ಮೆದುಳೇ ಮುಟ್ಟನ್ನು ನಿಲ್ಲಿಸಿಬಿಡುತ್ತೆ. ಈ ದೇಹಕ್ಕೇ ಸಾಕಾಗುತ್ತಿಲ್ಲ, ಇದು ಮಗು ಹೊರುವ ಕಾಲ ಅಲ್ಲ ಅಂತ ಅದರ ಲೆಕ್ಕ. ಆಗ ಅಂಡಾಶಯಕ್ಕೆ ಹೋಗುವ ಎಲ್‌ಎಚ್ ಹಾರ್ಮೋನು ತಗ್ಗುತ್ತೆ, ಈಸ್ಟ್ರೊಜೆನ್ ಅನ್ನೋ ಹೆಣ್ಣು ಹಾರ್ಮೋನು ಬೀಳುತ್ತೆ, ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಮೂಳೆ ಸವೆಯುತ್ತೆ. ಇದು ಪಿಸಿಓಎಸ್ ಅಲ್ಲ, ಹೆಚ್ಚುಕಡಿಮೆ ಅದಕ್ಕೆ ಉಲ್ಟಾ. ಆದರೆ ಇಂಥವರಲ್ಲೂ ಎಷ್ಟೋ ಜನಕ್ಕೆ ಸ್ಕ್ಯಾನ್‌ನಲ್ಲಿ ಅಂಡಾಶಯ ಪಿಸಿಓಎಸ್ ಥರವೇ ಕಾಣುತ್ತೆ, ಅದಕ್ಕೇ ಸಣ್ಣಗಿರುವವರಲ್ಲಿ ಎರಡನ್ನೂ ಗೊಂದಲ ಮಾಡಿಕೊಳ್ಳುವುದು ಸುಲಭ. ನಿಮಗೆ ಮೊದಲಿನಿಂದಲೂ ಗಲ್ಲದ ಕೂದಲು ಇದೆ, ಮುಟ್ಟು ತಡವಾಗುತ್ತಿತ್ತು. ಹಾಗಾಗಿ ಪಿಸಿಓಎಸ್ ಇರಬಹುದು, ಅದರ ಮೇಲೆ ಈ ಉಪವಾಸದ ಪರಿಣಾಮವೂ ಸೇರಿರಬಹುದು.

ಬರೀ ಸ್ಕ್ಯಾನ್ ನೋಡಿ ಪಿಸಿಓಎಸ್ ಅನ್ನುವಂತಿಲ್ಲ. ಮೂರರಲ್ಲಿ ಎರಡು ಇರಬೇಕು: ಮುಟ್ಟು ತಪ್ಪುವುದು, ಗಂಡು ಹಾರ್ಮೋನು ಜಾಸ್ತಿ ಇರುವುದು (ಮುಖದ ಕೂದಲಾಗಿ ಕಾಣಬಹುದು, ರಕ್ತದಲ್ಲಿ ಸಿಗಬಹುದು), ಸ್ಕ್ಯಾನ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಚೀಲಗಳು ಕಾಣುವುದು. ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ 2003ರಲ್ಲಿ ತಜ್ಞರು ಸೇರಿ ಈ ಲೆಕ್ಕ ಹಾಕಿದರು, ಈಗಲೂ ಅದೇ ಆಧಾರ. ಸ್ಕ್ಯಾನ್ ವರದಿಯಲ್ಲಿ ಸಿಸ್ಟ್ ಅಂತ ಬರೆದಿರುತ್ತಾರಲ್ಲ, ಅದು ಗಡ್ಡೆ ಅಲ್ಲ. ಬೆಳೆಯುತ್ತಾ ಅರ್ಧಕ್ಕೆ ನಿಂತ ಅಂಡದ ಚೀಲಗಳು ಅವು, ಸಾಸಿವೆ ಕಾಳಿನಿಂದ ಕಡಲೆ ಕಾಳಿನಷ್ಟು ದೊಡ್ಡವು. ಅವನ್ನು ಕರಗಿಸುವ, ತೆಗೆಯುವ ಅಗತ್ಯವೇ ಇಲ್ಲ.

ಈಗ ಮಾಡಬೇಕಾದ್ದು ಇಷ್ಟು. ಇನ್ನೊಬ್ಬ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಊಟ ಬಿಟ್ಟದ್ದು ಮತ್ತು ಓಡಿದ್ದನ್ನು ಮುಚ್ಚಿಡದೆ ಹೇಳಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಲ್‌ಎಚ್, ಎಫ್‌ಎಸ್‌ಎಚ್, ಈಸ್ಟ್ರಾಡಿಯೋಲ್, ಟೆಸ್ಟೊಸ್ಟಿರಾನ್, 17 ಹೈಡ್ರಾಕ್ಸಿ ಪ್ರೊಜೆಸ್ಟಿರಾನ್, ಇವನ್ನು ನೋಡುತ್ತಾರೆ. ಮುಟ್ಟು ನಿಂತಿದೆ ಅಂದಾಗ ಗರ್ಭದ ಪರೀಕ್ಷೆಯನ್ನೂ ಮಾಡುತ್ತಾರೆ, ಎಲ್ಲರಿಗೂ ಮಾಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಕೈಯಲ್ಲಿ ದುಡ್ಡು ಸಾಲದಿದ್ದರೆ ಕೋಟೆ ಪಕ್ಕದ ವಾಣಿವಿಲಾಸ ಆಸ್ಪತ್ರೆ ಇದೆ. ಕಾಯಬೇಕಾಗುತ್ತೆ, ಬೆಳಿಗ್ಗೆ ಬೇಗ ಹೋಗಿ.

ಇನ್ನು ನಿಮ್ಮ ಕೊನೆ ಪ್ರಶ್ನೆ, ಮಗು ಬೇಡ ಅಂದಮೇಲೆ ಮುಟ್ಟು ಬರದಿದ್ರೆ ಏನು? ಗರ್ಭಕೋಶದ ಒಳಗೋಡೆಯನ್ನು ನೆನೆಸಿಕೊಳ್ಳಿ. ಈಸ್ಟ್ರೊಜೆನ್ ಅದರ ಮೇಲೆ ಪದರ ಬಳಿಯುತ್ತೆ. ಅಂಡ ಬಿಡುಗಡೆಯಾದರೆ ಪ್ರೊಜೆಸ್ಟಿರಾನ್ ಅನ್ನೋ ಇನ್ನೊಂದು ಹಾರ್ಮೋನು ಬರುತ್ತೆ, ಅದು ಇಳಿದಾಗ ಪದರ ಉದುರುತ್ತೆ, ಅದೇ ಮುಟ್ಟು. ಪಿಸಿಓಎಸ್‌ನಲ್ಲಿ ಅಂಡ ಹೊರಬರುವುದೇ ಅಪರೂಪ. ಹಳೇ ಸುಣ್ಣ ಕೆರೆಯದೆ ವರ್ಷಾನುವರ್ಷ ಅದರ ಮೇಲೇ ಬಳಿದ ಗೋಡೆ ನೋಡಿದ್ದೀರಾ, ಹಾಗೆ ಪದರ ದಪ್ಪ ಆಗುತ್ತಾ ಹೋಗುತ್ತೆ. ಆಮೇಲೆ ಒಂದು ದಿನ ಸಿಕ್ಕಾಪಟ್ಟೆ ರಕ್ತ ಹೋಗಬಹುದು. ಬಹಳ ವರ್ಷ ಹಾಗೇ ಬಿಟ್ಟರೆ ಅದರಲ್ಲಿ ಕ್ಯಾನ್ಸರ್ ಆಗುವ ಅಪಾಯವೂ ಇದೆ. ನಿಮ್ಮ ವಯಸ್ಸಿಗೆ ಅದು ತುಂಬಾ ಅಪರೂಪ, ಹೆದರಬೇಡಿ, ಆದರೆ ಸುಮ್ನೆ ಬಿಡಲೂಬೇಡಿ. 90 ದಿನ ದಾಟಿದರೂ ಮುಟ್ಟಾಗದಿದ್ದರೆ ತೋರಿಸಲೇಬೇಕು. ವರ್ಷಕ್ಕೆ ಕಡಿಮೆ ಅಂದ್ರೂ ನಾಲ್ಕು ಸಲ ಆ ಪದರ ಹೊರಗೆ ಹೋಗಬೇಕು.

ತಾನಾಗೇ ಹೋಗದಿದ್ದರೆ 10ರಿಂದ 14 ದಿನ ಪ್ರೊಜೆಸ್ಟಿರಾನ್ ಥರದ ಮಾತ್ರೆ ಕೊಡುತ್ತಾರೆ, ನಿಲ್ಲಿಸಿದ ಕೆಲವು ದಿನಕ್ಕೆ ಮುಟ್ಟಾಗುತ್ತೆ. ಎರಡು ಮೂರು ತಿಂಗಳಿಗೊಮ್ಮೆ ಇಷ್ಟು ತಗೊಂಡ್ರೂ ಪದರಕ್ಕೆ ರಕ್ಷಣೆ ಸಿಗುತ್ತೆ. ಕೂದಲು, ಮೊಡವೆಯೂ ಕಾಡುತ್ತಿದ್ದರೆ ಎರಡು ಹಾರ್ಮೋನಿರುವ ಗರ್ಭನಿರೋಧಕ ಮಾತ್ರೆ ಒಳ್ಳೆಯದು. ನೀವು ಮೊದಲು ಊಟ ಮಾಡಿ, ಪರೀಕ್ಷೆ ಮಾಡಿಸಿ, ಆಮೇಲೆ ಮಾತ್ರೆ. ಉಪವಾಸದಿಂದ ನಿಂತ ಮುಟ್ಟನ್ನು ಮಾತ್ರೆಯಿಂದ ತರಿಸಿದರೆ ಕ್ಯಾಲೆಂಡರಿನಲ್ಲಿ ಸುತ್ತು ಬೀಳುತ್ತೆ, ಮೂಳೆ ಮಾತ್ರ ಸವೆಯುತ್ತಲೇ ಇರುತ್ತೆ.

ಪ್ರಶ್ನೆ: ನನಗೆ 29, ತೂಕ 54, ಪಿಸಿಓಎಸ್ ಇದೆ. ಅಪ್ಪನಿಗೆ ಶುಗರ್. ನಾನು ಸಣ್ಣ ಇರೋದ್ರಿಂದ ನನಗೆ ಆ ಭಯ ಇಲ್ಲ ಅಲ್ವಾ? ಮೆಟ್‌ಫಾರ್ಮಿನ್ ಬರೆದುಕೊಟ್ಟಿದ್ದಾರೆ, ಅದು ಶುಗರ್ ಮಾತ್ರೆ ಅಂತ ತಗೊಂಡಿಲ್ಲ.
– ಜೆ.ಪಿ. ನಗರ

ಉತ್ತರ: ಇದೆ. ನಮ್ಮ ಕಡೆಯ ಮೈಕಟ್ಟೇ ಹಾಗೆ, ಕೈಕಾಲು ಸಣ್ಣ, ಹೊಟ್ಟೆಯೊಳಗೆ ಕೊಬ್ಬು. ತೂಕದ ಮಿಷನ್‌ಗೆ ಅದು ಗೊತ್ತಾಗಲ್ಲ. ದರ್ಜಿ ಟೇಪ್ ತಗೊಂಡು, ಉಸಿರು ಬಿಟ್ಟು, ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಮೂಳೆಗೂ ನಡುವೆ ಅಳೆಯಿರಿ. 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರ ಬೇಕು. ದಾಟದಿದ್ದರೂ ಪಿಸಿಓಎಸ್‌ನಲ್ಲಿ ಸಣ್ಣಗಿರುವವರಿಗೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೇ ಇರಬಹುದು. ದೇಹ ಅದನ್ನು ಸರಿದೂಗಿಸಲು ಇನ್ನೂ ಜಾಸ್ತಿ ಇನ್ಸುಲಿನ್ ಮಾಡುತ್ತೆ, ಆ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಗಂಡು ಹಾರ್ಮೋನು ಜಾಸ್ತಿ ಮಾಡಿಸುತ್ತೆ. ಖಾಲಿ ಹೊಟ್ಟೆಯ ಶುಗರ್ ಮಾತ್ರ ನೋಡಿದರೆ ಸಾಲದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಕೇಳಿ ಮಾಡಿಸಿ. ಅಪ್ಪನಿಗೆ ಇರುವುದರಿಂದ ನಿಮಗೆ ಇದು ಮುಖ್ಯ. ಬಿಪಿ, ಕೊಲೆಸ್ಟ್ರಾಲ್ ಕೂಡ ಒಮ್ಮೆ ನೋಡಿಸಿ.

ಮೆಟ್‌ಫಾರ್ಮಿನ್ ಇನ್ಸುಲಿನ್ ಕೆಲಸ ಮಾಡುವಂತೆ ಸಹಾಯ ಮಾಡುತ್ತೆ, ಸಣ್ಣಗಿರುವವರಿಗೂ ಕೊಡುತ್ತಾರೆ. ತಗೊಂಡರೆ ಶುಗರ್ ಕಾಯಿಲೆ ಬರುತ್ತೆ ಅನ್ನೋದು ಸುಳ್ಳು. 500 ಮಿಲಿಗ್ರಾಂನಿಂದ, ಊಟದ ಜೊತೆ ಶುರು ಮಾಡಿ ನಿಧಾನ ಏರಿಸಿದರೆ ಹೊಟ್ಟೆ ಕೆಡುವುದು ಕಡಿಮೆ. ಬಹಳ ದಿನ ತಗೊಂಡರೆ ಬಿ12 ತಗ್ಗಬಹುದು, ಸಸ್ಯಾಹಾರಿಗಳು ಅದನ್ನು ಪರೀಕ್ಷಿಸಿಕೊಳ್ಳಬೇಕು.

ನಿಮ್ಮಂಥವರಿಗೆ ತೂಕ ಇಳಿಸುವುದಕ್ಕಿಂತ ಮಾಂಸಖಂಡ ಬೆಳೆಸುವುದು ಮುಖ್ಯ, ಊಟದ ಸಕ್ಕರೆಯನ್ನು ಜಾಸ್ತಿ ಹೀರುವುದು ಅದೇ. ಲಾಲ್‌ಬಾಗ್‌ನಲ್ಲಿ ನಡೆಯುವುದು ಒಳ್ಳೆಯದು, ವಾರಕ್ಕೆ 150 ನಿಮಿಷ ಆಗಲಿ, ಆದರೆ ಎರಡು ದಿನವಾದರೂ ಭಾರ ಎತ್ತಿ. ಜಿಮ್ ಆಗದಿದ್ದರೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ದಂಡ, ಎರಡು ಕೈಯಲ್ಲಿ ನೀರಿನ ಬಾಟಲಿ ಹಿಡಿದು ಮೆಟ್ಟಿಲು. ಅನ್ನ, ಮುದ್ದೆ ಬಿಡಬೇಕಿಲ್ಲ. ದರ್ಶಿನಿಯ ಚೌಚೌ ಬಾತ್, ಮೇಲೊಂದು ಸಿಹಿ ಕಾಫಿ, ಅದೇ ದಿನಾ ತಿಂಡಿ ಆಗಬಾರದು ಅಷ್ಟೆ. ತಟ್ಟೆಯಲ್ಲಿ ಹುರುಳಿ ಸಾರು, ಅವರೆಕಾಳು, ಮೊಸರು, ಮೊಟ್ಟೆ, ಇದರಲ್ಲಿ ಏನಾದರೂ ಒಂದು ಪ್ರತಿ ಊಟಕ್ಕೂ ಇರಲಿ.

ಪ್ರಶ್ನೆ: ನನ್ನ ಮಗಳು 22, ಮದುವೆಯಾಗಿಲ್ಲ. ಅವಳ ಬ್ಯಾಗಿನಲ್ಲಿ ಗರ್ಭನಿರೋಧಕ ಮಾತ್ರೆ ಸಿಕ್ಕಿತು. ಕೇಳಿದರೆ ಪಿಸಿಓಎಸ್‌ಗೆ ಅಂತಾಳೆ. ಮುಂದೆ ಮಕ್ಕಳಾಗದಿದ್ದರೆ?
– ಒಬ್ಬ ತಾಯಿ, ಗಿರಿನಗರ

ಉತ್ತರ: ಮಗಳು ಹೇಳಿದ್ದನ್ನು ನಂಬಿ, ಪಿಸಿಓಎಸ್‌ಗೆ ಮೊದಲು ಕೊಡುವ ಔಷಧಿಯೇ ಅದು. ಗಂಡು ಹಾರ್ಮೋನನ್ನು ತಗ್ಗಿಸುತ್ತೆ, ಗರ್ಭಕೋಶದ ಪದರವನ್ನೂ ಕಾಯುತ್ತೆ. ಇದರಿಂದ ಬಂಜೆತನ ಬರಲ್ಲ. ನಿಲ್ಲಿಸಿದ ಮೇಲೆ ದೇಹ ಮೊದಲಿನಂತೆ ಆಗುತ್ತೆ, ಅಂದರೆ ಪಿಸಿಓಎಸ್ ಇದ್ದರೆ ಮುಟ್ಟು ಮತ್ತೆ ತಡವಾಗಬಹುದು, ಆಗ ಜನ ಮಾತ್ರೆಯಿಂದಲೇ ಹೀಗಾಯ್ತು ಅನ್ನುತ್ತಾರೆ.

ಆ ಚಿಂತೆಯ ಬದಲು ಈ ವಿಷಯ ಕೇಳಿ ತಿಳಿದುಕೊಳ್ಳಿ: ಅವಳಿಗೆ ಬಿಪಿ ನೋಡಿದ್ದಾರಾ? ಕಣ್ಣ ಮುಂದೆ ಅಂಕುಡೊಂಕು ಬೆಳಕು ಕಂಡು ಆಮೇಲೆ ತಲೆನೋವು ಬರುತ್ತಾ? ಮನೆಯಲ್ಲಿ ಯಾರಿಗಾದರೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಡಾಕ್ಟರಿಗೆ ಹೇಳಿ ಬೇರೆ ದಾರಿ ನೋಡಬೇಕಾಗಬಹುದು. ಚೀಟಿಯ ಮೇಲೆ ಸೈಪ್ರೊಟೆರೋನ್ ಅನ್ನೋ ಔಷಧಿಯ ಹೆಸರು ಇದ್ದರೆ ಯಾಕೆ ಅದನ್ನೇ ಕೊಟ್ಟಿರಿ ಅಂತಲೂ ಕೇಳಬಹುದು. ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಜಾಸ್ತಿ ಇರುವುದರಿಂದ ಅದು ಮೊದಲ ಆಯ್ಕೆ ಅಲ್ಲ. ಮತ್ತೆ, ಬ್ಯಾಗ್ ಹುಡುಕುವುದು ಬೇಡ. ಮುಂದಿನ ಸಲ ಅವಳ ಜೊತೆ ಆಸ್ಪತ್ರೆಗೆ ನೀವೇ ಹೋಗಿ ಬನ್ನಿ, ಅವಳಿಗೆ ಅದು ಎಷ್ಟು ದೊಡ್ಡ ಧೈರ್ಯ ಅಂತ ನಿಮಗೆ ಅಲ್ಲೇ ಗೊತ್ತಾಗುತ್ತೆ.

ಪ್ರಶ್ನೆ: ಮದುವೆಯಾಗಿದೆ, ನಮಗೆ ಮಕ್ಕಳು ಬೇಡ. ಪಿಸಿಓಎಸ್ ಇರುವುದರಿಂದ ಗರ್ಭ ನಿಲ್ಲಲ್ಲ, ಬೇರೆ ಮುಂಜಾಗ್ರತೆ ಬೇಡ ಅಲ್ವಾ?
– ಯಲಹಂಕ

ಉತ್ತರ: ಬೇಕೇ ಬೇಕು. ಅಂಡ ಅಪರೂಪಕ್ಕೆ ಬರುತ್ತೆ, ಬರೋದೇ ಇಲ್ಲ ಅಂತಲ್ಲ, ಯಾವಾಗ ಬರುತ್ತೆ ಅಂತ ಲೆಕ್ಕ ಹಾಕೋಕೂ ಆಗಲ್ಲ. ದಿನಾ ಮಾತ್ರೆ ಬೇಡ ಅಂದ್ರೆ ಲೀವೊನಾರ್‌ಜೆಸ್ಟ್ರೆಲ್ ಅನ್ನೋ ಹಾರ್ಮೋನು ಇರುವ ಸಾಧನವನ್ನು ಗರ್ಭಕೋಶದೊಳಗೆ ಹಾಕಿಸಿಕೊಳ್ಳಬಹುದು. ಗರ್ಭವನ್ನೂ ತಡೆಯುತ್ತೆ, ಪದರವನ್ನೂ ತೆಳ್ಳಗೆ ಇಡುತ್ತೆ. ಅದು ಇದ್ದಾಗ ಮುಟ್ಟು ತೀರಾ ಕಡಿಮೆಯಾದರೆ ಗಾಬರಿ ಬೇಡ. ಮುಖದ ಕೂದಲಿಗೆ ಮಾತ್ರ ಅದರಿಂದ ಉಪಯೋಗ ಇಲ್ಲ.

ಪ್ರಶ್ನೆ: ಪಿಸಿಓಎಸ್‌ಗೆ ಮೂರು ತಿಂಗಳಿಂದ ಗರ್ಭನಿರೋಧಕ ಮಾತ್ರೆ ತಗೋತಿದ್ದೀನಿ, ಗಲ್ಲದ ಕೂದಲು ಹಾಗೇ ಇದೆ. ಆಫೀಸಿಗೆ ಮಾಸ್ಕ್ ಹಾಕಿಕೊಂಡೇ ಹೋಗ್ತೀನಿ. ಮಾತ್ರೆ ನಿಲ್ಲಿಸಿ ಲೇಸರ್ ಮಾಡಿಸಲಾ?
– ಬನಶಂಕರಿ

ಉತ್ತರ: ಮೂರು ತಿಂಗಳು ಸಾಲದು. ಈಗಾಗಲೇ ಹುಟ್ಟಿದ ಕೂದಲು ತನ್ನ ಆಯಸ್ಸು ಮುಗಿಸಿಯೇ ಉದುರುತ್ತೆ, ಹಾಗಾಗಿ ಕಡೇಪಕ್ಷ ಆರು ತಿಂಗಳು ನೋಡಬೇಕು. ಆಗಲೂ ಬದಲಾಗದಿದ್ದರೆ ಮಾತ್ರೆಯ ಜೊತೆ ಗಂಡು ಹಾರ್ಮೋನಿನ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಸೇರಿಸುತ್ತಾರೆ. ಅದನ್ನು ತಗೊಳ್ಳುವಾಗ ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು, ಹೊಟ್ಟೆಯಲ್ಲಿ ಗಂಡು ಮಗು ಇದ್ದರೆ ಅದರ ಬೆಳವಣಿಗೆಗೆ ತೊಂದರೆ. ಲೇಸರ್ ಈಗಲೂ ಮಾಡಿಸಬಹುದು, ಆದರೆ ಮಾತ್ರೆ ನಿಲ್ಲಿಸಿ ಅಲ್ಲ, ಮಾತ್ರೆಯ ಜೊತೆಗೇ. ಥ್ರೆಡಿಂಗ್, ಶೇವಿಂಗ್‌ನಿಂದ ಕೂದಲು ದಪ್ಪ ಆಗುತ್ತೆ ಅನ್ನೋದು ಸುಳ್ಳು. ಅಲ್ಲಿವರೆಗೆ ಯಾವುದು ಅನುಕೂಲವೋ ಅದನ್ನು ಮಾಡಿ. ಮಾಸ್ಕ್ ಹಿಂದೆ ಅಡಗಿಕೊಂಡು ದಿನ ತಳ್ಳುತ್ತಿದ್ದೀರಿ ಅಂದ್ರೆ ಮನಸ್ಸಿಗೂ ಸುಸ್ತಾಗಿದೆ ಅಂತಲೇ. ಪಿಸಿಓಎಸ್ ಇರುವವರಲ್ಲಿ ಖಿನ್ನತೆ, ಆತಂಕ ಜಾಸ್ತಿ ಕಾಣುತ್ತೆ. ಮುಂದಿನ ಭೇಟಿಯಲ್ಲಿ ಕೂದಲಿನ ಜೊತೆ ಇದನ್ನೂ ಡಾಕ್ಟರಿಗೆ ಹೇಳಿ. ಒಂಟಿಯಾಗಿ ತಡೆಯೋಕೆ ಆಗ್ತಿಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.