'ಸ್ವಲ್ಪ' ಅಂದರೆ ಎಷ್ಟು?

ನಮಸ್ಕಾರ,

ನಿಮ್ಮ ಲೇಖನ ಓದಿದೆ. 27 ವಾರಕ್ಕೇ ಹುಟ್ಟಿದ 900 ಗ್ರಾಂ ಕೂಸು, ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅದನ್ನು ನೋಡಿಕೊಂಡ ನರ್ಸ್ ನೀವು. ಬರವಣಿಗೆ ಸರಾಗವಾಗಿದೆ. ಆದರೆ ಎರಡು ವಾಕ್ಯ ನನ್ನನ್ನು ಬಿಡುತ್ತಿಲ್ಲ.

"ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆದೆವು." ಸ್ವಲ್ಪ ಅಂದರೆ ಎಷ್ಟು? ಆ ಕೂಸಿನ ಮೈಯಲ್ಲಿರುವ ರಕ್ತವೇ ಸುಮಾರು 80 ಮಿ.ಲೀ., ಒಂದು ಪುಟ್ಟ ಕಾಫಿ ಲೋಟದಷ್ಟು. ಅದರಿಂದ 1 ಮಿ.ಲೀ. ತೆಗೆದರೆ ನಿಮ್ಮ ನನ್ನ ಮೈಯಿಂದ 60 ಮಿ.ಲೀ. ತೆಗೆದ ಹಾಗೆ. ರಕ್ತದ ಜೊತೆ ಕಬ್ಬಿಣವೂ ಹೋಗುತ್ತದೆ. ತಾಯಿಯಿಂದ ಕೂಸಿಗೆ ಕಬ್ಬಿಣ ಜಾಸ್ತಿ ಬರುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಆ ತಿಂಗಳುಗಳೇ ಈ ಕೂಸಿಗೆ ಸಿಗಲಿಲ್ಲ, ಇದ್ದದ್ದೂ ಸಿರಿಂಜಿನಲ್ಲಿ ಹೋಗುತ್ತಿದೆ. 'ಸ್ವಲ್ಪ' ಅನ್ನುವ ಪದ ಇದನ್ನೆಲ್ಲ ಮುಚ್ಚಿಬಿಟ್ಟಿತಲ್ವಾ?

ಎರಡನೆಯದು: "ಫೆರಿಟಿನ್, ಹಿಮೋಗ್ಲೋಬಿನ್ ಎರಡೂ ಚೆನ್ನಾಗಿದ್ದವು, ಕಬ್ಬಿಣಕ್ಕೆ ಕೊರತೆ ಇರಲಿಲ್ಲ." ಮೇಲಿನ ಪ್ಯಾರಾದಲ್ಲೇ ಮಗುವಿಗೆ ಸೋಂಕು ತಗುಲಿತ್ತು ಅಂತ ಬರೆದಿದ್ದೀರಿ! ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಸೂಚಕ. ಆದರೆ ಸೋಂಕಿದ್ದಾಗ ಕಬ್ಬಿಣ ಸಾಲದಿದ್ದರೂ ಅದು ಏರುತ್ತದೆ. ಹಿಮೋಗ್ಲೋಬಿನ್ನನ್ನೂ ನಂಬುವಂತಿಲ್ಲ. ಕಬ್ಬಿಣ ಸಾಲದಾದಾಗ ಮೈ ಮೊದಲು ಕೆಂಪು ಕಣಕ್ಕೆ ಕೊಡುತ್ತದೆ, ಮಿದುಳಿಗೆ ಆಮೇಲೆ. ಹಿಮೋಗ್ಲೋಬಿನ್ ಇಳಿಯುವ ಹೊತ್ತಿಗೆ ಮಿದುಳಿಗೆ ಆಗಲೇ ಕೊರತೆ ಬಿದ್ದಿರಬಹುದು. ಅದಕ್ಕೇ ಕೆಲವು ಕಡೆ, ಆಗಷ್ಟೇ ಹುಟ್ಟಿದ ಕೆಂಪು ಕಣದಲ್ಲಿ, ಅಂದರೆ ರೆಟಿಕ್ಯುಲೋಸೈಟ್‌ನಲ್ಲಿ, ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ನೋಡುತ್ತಾರೆ. ಆ ಸೌಲಭ್ಯ ಇರುವ ಯಂತ್ರದಲ್ಲಿ ಸಿಬಿಸಿಗೆ, ಅಂದರೆ ರಕ್ತಕಣಗಳ ಎಣಿಕೆಗೆ, ತೆಗೆದ ರಕ್ತದಲ್ಲೇ ಅದೂ ಸಿಗುತ್ತದೆ. ಇನ್ನೊಂದು ಸಲ ಚುಚ್ಚಬೇಕಿಲ್ಲ.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ 'ತುಂಗಭದ್ರಾ ಜಲಾಶಯ ಭರ್ತಿ, ರೈತರು ನಿರಾಳ' ಅಂತ ವರದಿ ಬರೆದಿದ್ದೆ. ಹಿರಿಯ ಉಪಸಂಪಾದಕರು ಹಾಳೆ ವಾಪಸ್ ಕೊಟ್ಟು, "ಹೂಳು ಎಷ್ಟಿದೆ?" ಅಂತಷ್ಟೇ ಕೇಳಿದರು. 133 ಟಿಎಂಸಿಗೆ ಕಟ್ಟಿದ ಜಲಾಶಯದಲ್ಲಿ ಈಗ ಹಿಡಿಯುವುದು ಸುಮಾರು 105. ನೀರಿನ ಮಟ್ಟ ನೋಡಿದ್ದೆ, ತಳ ನೋಡಿರಲಿಲ್ಲ. ಅವತ್ತು ಸಂಜೆ ನೀರಾವರಿ ಕಚೇರಿಗೆ ಮೂರು ಸಲ ಫೋನ್ ಮಾಡಿದೆ. ನಿಮ್ಮ ಫೆರಿಟಿನ್ ವಾಕ್ಯ ಓದುವಾಗ ಆ ಹಾಳೆ ಮತ್ತೆ ಕೈಗೆ ಬಂದಂತಾಯಿತು.

ಮಿಕ್ಕದ್ದನ್ನು ಮುಟ್ಟಬೇಡಿ. ಫೆರಿಟಿನ್ ನೋಡಿದ ದಿನ ಸಿಆರ್‌ಪಿ (ಸೋಂಕು, ಉರಿಯೂತ ಇದ್ದರೆ ಏರುವ ಅಂಶ) ಎಷ್ಟಿತ್ತು, ಅದಕ್ಕೆ ಮುಂಚೆ ಮಗುವಿಗೆ ರಕ್ತ ಕೊಟ್ಟಿದ್ದರಾ, ಎರಡು ತಿಂಗಳಲ್ಲಿ ಪರೀಕ್ಷೆಗೆ ಅಂತ ಒಟ್ಟು ಎಷ್ಟು ಮಿ.ಲೀ. ತೆಗೆದಿರಿ, ಇವಿಷ್ಟನ್ನು ನೋಡಿ ಆ ಎರಡು ವಾಕ್ಯ ಮತ್ತೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.